ಇಸಾಕ ಆರಿಸಿದ ಆಂಟೆನಾ

ಇಸಾಕನ ಮೊಣಕಾಲು ನೋಯುತ್ತಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಶೇಗಾಂವದ ಅವನ ಮನೆಯಿಂದ ದಾಳಿಂಬೆ ತೋಟದ ಬಾವಿಗೆ ಹೋಗಿ ಮೋಟರು ಚಾಲೂ ಮಾಡಿ ಬರುವುದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಆದರೆ ಬಾವಿಯ ಪಕ್ಕದಲ್ಲೇ ಸಾತಪ್ಪನ ಹೋಟೆಲಿತ್ತು. ಅಲ್ಲಿ ಕೂತು ಊರ ಸುದ್ದಿ ಕೇಳುತ್ತ ಶುಂಠಿ ಚಹಾ ಕುಡಿಯುವುದೇ ಇಸಾಕನ ಪಾಲಿನ ಸ್ವರ್ಗ. ತಡವಾಗಿ ಮನೆಗೆ ಬಂದು, "ಮೊಣಕಾಲ ಹಿಡದ್ವು, ದಾರ್ಯಾಗ ಕುಂತಿದ್ದೆ" ಎನ್ನುತ್ತಿದ್ದ.

ಹೆಂಡತಿ ಕಾಸೀಂಬಿಗೆ ಕನಿಕರ ಬಂತು. ಜತ್ತದ ಅಂಗಡಿಯವನನ್ನು ಕರೆಸಿ ಬಾವಿಯ ಮೋಟರಿಗೆ ರಿಮೋಟು ಕೂಡಿಸಿದಳು. ಮನೆಯಲ್ಲಿ ಗುಂಡಿ ಒತ್ತಿದರೆ ಅಲ್ಲಿ ಮೋಟರು ಚಾಲೂ.

"ಇನ್ನ ಆರಾಮ ಕುಂದ್ರಿ. ಎರಡು ಆಂಟೆನಾ ಕೊಟ್ಟಾನ, ಚಲೋದು ಆರಿಸಿ ಹಚ್ಚ್ರಿ" ಎಂದಳು.

ಒಂದು ಹೆಬ್ಬೆರಳಿನಷ್ಟು ರಬ್ಬರಿನದು, ಇನ್ನೊಂದು ಗೇಣುದ್ದದ ತಂತಿ. ಗೇಣುದ್ದದ್ದೇ ದೂರ ಮುಟ್ಟುತ್ತದೆ, ಅದಕ್ಕಿಂತ ಉದ್ದನೆಯದು ಉಪಯೋಗಕ್ಕಿಲ್ಲ ಎಂದು ಅಂಗಡಿಯವನು ಇಸಾಕನೊಬ್ಬನಿಗೆ ಹೇಳಿದ್ದ. ಇಸಾಕ ವಿಚಾರ ಮಾಡಿ ಹೆಬ್ಬೆರಳಿನಷ್ಟಿದ್ದದ್ದನ್ನು ರಿಮೋಟಿಗೆ ಹಚ್ಚಿದ. ಗುಂಡಿ ಒತ್ತಿ ಹೋಟೆಲಿಗೆ ಫೋನು ಮಾಡಿದರೆ, ಮೋಟರು ಮಿಸುಕಿಲ್ಲ ಎಂದು ಸಾತಪ್ಪ ಹೇಳಿದ. ಇಸಾಕನಿಗೆ ಹಿಡಿಸಲಾರದಷ್ಟು ಖುಷಿ.

ಅಷ್ಟರಲ್ಲಿ ಪಕ್ಕದ ಮನೆಯ ಹರಿಬಾ ಬಂದ. ಕರೆಯದೆ ಬರುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

"ಇಷ್ಟ ಸಣ್ಣದು ನಡಿಯಂಗಿಲ್ಲ ಇಸಾಕಭಾಯಿ. ನಮ್ಮ ಹಳೇ ಟಿವಿ ಆಂಟೆನಾ ಐತಿ, ತರ್ತೀನಿ."

"ತಾ, ಲಗೂನ ತಾ" ಎಂದ ಇಸಾಕ, ಮನಸ್ಸಿನಲ್ಲೇ ನಗುತ್ತ.

ಮಾಳಿಗೆಯ ಮೇಲೆ ಅದನ್ನು ಕಟ್ಟುವಾಗ ಹರಿಬಾನ ಅಂಗಿ ಹರಿಯಿತು. ಒಣಹಾಕಿದ್ದ ಶೇಂಗಾ ಅಂಗಳಕ್ಕೆ ಸುರಿದು ಆಡುಗಳು ಮುತ್ತಿದವು. ಮೋಟರು ಮಾತ್ರ ಮಿಸುಕಲಿಲ್ಲ.

ಅಂಗಿ ಹರಿದುಕೊಂಡ ಹರಿಬಾ ಹಟಕ್ಕೆ ಬಿದ್ದ. "ಇದೊಂದು ನೋಡೇಬಿಡೂಣು" ಎಂದು ಗೇಣುದ್ದದ ತಂತಿಯನ್ನು ತಾನೇ ತಿರುಗಿಸಿ ಕೂಡಿಸಿ ಗುಂಡಿ ಒತ್ತಿದ.

"ಚಾಲೂ ಆತು" ಎಂದ ಸಾತಪ್ಪ ಫೋನಿನಲ್ಲಿ. ದಿನದ ಗಿರಾಕಿ ಕೈಬಿಟ್ಟುಹೋದ ದುಃಖ ಅವನ ದನಿಯಲ್ಲಿತ್ತು.

ಇಸಾಕ ರಿಮೋಟು ಕಸಿದುಕೊಂಡ. "ಬಂದ್ ಮಾಡಿ ಇನ್ನೊಮ್ಮೆ ನೋಡೂಣು" ಎಂದು ಮೋಟರು ಬಂದ್ ಮಾಡಿ, ರಿಮೋಟನ್ನು ಹೊರಸಿನ ಮೇಲಿಟ್ಟ. ಆಮೇಲೆ ಮೊಣಕಾಲು ಹಿಡಿದುಕೊಂಡು, "ಅಯ್ಯ" ಎನ್ನುತ್ತ ರಿಮೋಟಿನ ಮೇಲೆಯೇ ಕೂತ. ತಂತಿ ಬುಡಕ್ಕೇ ಮುರಿಯಿತು.

ಹರಿಬಾ ಹರಿದ ಅಂಗಿಯಲ್ಲಿ ಬೇಸರದಿಂದ ಮನೆಗೆ ಹೋದ. ಇಸಾಕ ಮುಖ ಸಣ್ಣದು ಮಾಡಿಕೊಂಡು ಚಪ್ಪಲಿ ಹುಡುಕಿದ. "ಇನ್ನೇನ ಮಾಡೂದು, ನಾನ ಬಾವಿಗಿ ಹೋಗಿ ಬರ್ತೀನಿ."

"ಪಾಪ, ಈ ಮೊಣಕಾಲ ತಗೊಂಡು ನೀವ್ಯಾಕ ಹೋಗ್ತೀರಿ" ಎಂದಳು ಕಾಸೀಂಬಿ. "ಇವತ್ತಿನಿಂದ ನಾ ಹೋಗ್ತೀನಿ. ಹೊಸಾ ತಂತಿ ಮುಂದ ಯಾವಾಗರೆ ತಂದ್ರಾತು, ಅವಸರೇನಿಲ್ಲ. ನೀವು ಆಡ ನೋಡಕೋತ ಶೇಂಗಾ ಆರಸ್ರಿ."

ಮೊಣಕಾಲು ನೆಟ್ಟಗಿದೆ ಎಂದರೆ ಇಷ್ಟು ದಿನದ್ದೆಲ್ಲ ಹೊರಬೀಳುತ್ತಿತ್ತು. ಇಸಾಕ ಬುಟ್ಟಿ ಹಿಡಿದು ಅಂಗಳಕ್ಕಿಳಿದ.

ಬಿಸಿಲು ಅಂಗಳ ದಾಟಿ ಕಟ್ಟೆ ಹತ್ತಿತು. ಶೇಂಗಾ ಅರ್ಧ ಬುಟ್ಟಿಯಾಯಿತು, ಉಳಿದರ್ಧ ಆಡಿನ ಹೊಟ್ಟೆ ಸೇರಿತು. ಕೊನೆಗೂ ಕಾಸೀಂಬಿ ಬಂದಳು. ಮುಖ ಅರಳಿತ್ತು, ಸೆರಗಿನಿಂದ ಶುಂಠಿ ಚಹಾದ ವಾಸನೆ ಬರುತ್ತಿತ್ತು.

"ಯಾಕ ಇಷ್ಟು ತಡಾ?" ಎಂದ ಇಸಾಕ.

"ಏನ ಹೇಳ್ಲಿರಿ," ಎಂದಳು ಕಾಸೀಂಬಿ, "ಮೊಣಕಾಲ ಹಿಡದ್ವು, ದಾರ್ಯಾಗ ಕುಂತಿದ್ದೆ."