ಸ್ಟ್ಯಾಂಡಿನ ಮುಂದೆ ಕೂರುವ ನಾಯಿ

ಜನರೇ ಇಲ್ಲದ ಜಾಗ ಹುಡುಕಿಕೊಂಡು ಹೊರಟವನಿಗೆ ಸಿಗುವಷ್ಟು ಜನ ಸಂತೆಗೆ ಹೋದವನಿಗೂ ಸಿಗುವುದಿಲ್ಲ. ಒಮ್ಮೆ ಆಗಿದ್ದರೆ ಮರೆತುಬಿಡುತ್ತಿದ್ದೆ. ನನಗೆ ಕ್ಯಾಮೆರಾ ಎತ್ತಿಕೊಂಡು ಹೊರಟಾಗಲೆಲ್ಲ ಇದೇ ಕಥೆ.

ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. "ಗದ್ದ ಮ್ಯಾಲೆತ್ರಿ, ಕಣ್ಣು ಬಿಡ್ರಿ, ಒಂಚೂರು ನಗ್ರಿ" ಅನ್ನುವುದರಲ್ಲೇ ಅರ್ಧ ಆಯುಷ್ಯ ಕಳೆಯಿತು. ಗೋಡೆಯ ಮೊಳೆಗೆ ಮೊದಲು ಬಣ್ಣದ ಪರದೆಯೊಂದು ತೂಗುತ್ತಿತ್ತು: ಹಿಮದ ಬೆಟ್ಟ, ನೀಲಿ ಕೆರೆ, ಎರಡು ಹಂಸ. ನಮ್ಮೂರ ಬಿಸಿಲಲ್ಲಿ ಬೆವರುತ್ತ ಬಂದವರೆಲ್ಲ ಆ ಹಿಮದ ಮುಂದೆ ನಿಂತು ಹೋದರು. ಅದು ಹರಿದ ದಿನ ನಾನೊಂದು ಶಪಥ ಮಾಡಿದೆ. ಇನ್ನು ಆ ಮೊಳೆಗೆ ನಮ್ಮದೇ ನೆಲದ ಚಿತ್ರ ಬರಬೇಕು, ನಾನೇ ತೆಗೆದದ್ದಾಗಿರಬೇಕು, ಅದರಲ್ಲಿ ಒಂದು ನರಪಿಳ್ಳೆಯೂ ಇರಬಾರದು. ಮೂರು ವರ್ಷ ಮೊಳೆ ಖಾಲಿಯೇ ಇತ್ತು. ಪೂರ್ತಿ ಖಾಲಿ ಅನ್ನುವಂತಿಲ್ಲ, ನನ್ನ ಹೆಂಡತಿ ಅದಕ್ಕೆ ಕೊಡೆ ನೇತುಹಾಕುತ್ತಿದ್ದಳು.

ಸ್ಟೂಲಿನ ಅಭ್ಯಾಸ

ನಮ್ಮ ನಾಯಿಯ ಹೆಸರು ಫ್ಲ್ಯಾಶ್. ಬೀದಿಯ ಮರಿ, ಸ್ಟುಡಿಯೋದಲ್ಲೇ ಬೆಳೆದದ್ದು. ಬಾಗಿಲಿಂದ ಬಂದವರೆಲ್ಲ ನೆಟ್ಟಗೆ ಹೋಗಿ ಕ್ಯಾಮೆರಾ ಸ್ಟ್ಯಾಂಡಿನ ಮುಂದೆ ಕೂರುವುದನ್ನು ಹುಟ್ಟಿದಾಗಿನಿಂದ ನೋಡಿ, ಲೋಕದ ರೀತಿಯೇ ಹೀಗೆ ಎಂದು ತಿಳಿದುಕೊಂಡಿತು. ಸ್ಟ್ಯಾಂಡ್ ನಿಲ್ಲಿಸಿದರೆ ಸಾಕು, ಎಲ್ಲಿದ್ದರೂ ಬಂದು ಎದುರಿಗೆ ಕೂತು ಗದ್ದ ಮೇಲೆತ್ತುತ್ತದೆ.

ಹಂಪಿಯ ಗುಡ್ಡದ ಮೇಲೆ ಸೂರ್ಯೋದಯಕ್ಕೆಂದು ಹೋದಾಗಲೂ ಬಂಡೆಗಳ ನಡುವೆ, ಏಳುತ್ತಿರುವ ಸೂರ್ಯನಿಗೆ ಸರಿಯಾಗಿ ಅಡ್ಡ ಕೂತಿತು. ಬಿಸ್ಕತ್ತು ಹಾಕಿದೆ, ಬೈದೆ, ಕೈಮುಗಿದೆ. ಪಕ್ಕದಲ್ಲಿ ಕೂತಿದ್ದ ಅಜ್ಜ ಎಲ್ಲ ನೋಡಿ ಹೇಳಿದ: "ಒಂದು ತಗದು ಕೊಟ್ಟುಬಿಡ್ರಿ ಮಾರಾಯ್ರ. ಆಧಾರ್ ಕಾರ್ಡಿಗೆ ಬೇಕಾಗಿರಬೇಕು."

ಗುಡ್ಡದ ಫೋಟೋ

ಮಳೆಗಾಲ ಮುಗಿದಾಗ ಸಂಡೂರಿನ ಗುಡ್ಡಗಳು ಹಸಿರೋ ಹಸಿರು. ಯಶವಂತನಗರದ ದಾರಿಯಲ್ಲಿ ನಾಯಿಯನ್ನು ಹೆಂಡತಿಯ ಕೈಗೆ ಕೊಟ್ಟು ಸ್ಟ್ಯಾಂಡ್ ನಿಲ್ಲಿಸಿದೆ. ಮೂರು ಕಾಲಿನ ವಸ್ತು ಕಂಡರೆ ಆ ಕಡೆಯವರಿಗೆ ಸರ್ವೆಯೇ ನೆನಪಾಗುವುದು. ಅದಿರಿನ ಲಾರಿಯೊಂದು ನಿಂತಿತು. ಡ್ರೈವರ್ ಇಳಿದು ಬಂದ.

"ಹೊಸಾ ಗಣಿ ಬರ್ತೈತೇನ್ರಿ ಸರ?"

"ಇಲ್ಲಪ್ಪ. ಗುಡ್ಡದ ಫೋಟೋ ತೆಗೀತೀನಿ."

"ಗುಡ್ಡದ್ದ್ಯಾಕ್ರಿ?"

"ಭಾಳ ಚಂದ ಐತಲ್ಲ, ಅದಕ್ಕ."

ಅವನು ಒಮ್ಮೆ ಗುಡ್ಡ ನೋಡಿದ, ಒಮ್ಮೆ ತನ್ನ ಲಾರಿ ನೋಡಿದ. ಅದರ ತುಂಬ ಇನ್ನೊಂದು ಗುಡ್ಡದ ಕೆಂಪು ಮಣ್ಣು.

"ಹಂಗಾದ್ರ ಜಲ್ದಿ ತಗೀರಿ ಸರ" ಅಂದು ಲಾರಿ ಹತ್ತಿದ.

ಹೆಂಡತಿ ನಕ್ಕಳು. ನನಗೂ ನಗು ಬಂತು. ಆದರೆ ಆಮೇಲೆ ತೆಗೆದ ಪ್ರತಿ ಚಿತ್ರದಲ್ಲೂ ಒಂದಲ್ಲ ಒಂದು ಅದಿರಿನ ಲಾರಿ ಇತ್ತು.

ನನ್ನ ಸಾಲು

ಕಂಪ್ಲಿ ಕಡೆ ಹೊಳೆದಂಡೆಯ ಗದ್ದೆಗಳಲ್ಲಿ ನಾಟಿ ನಡೆದಿತ್ತು. ನೀರಿನಲ್ಲಿ ಮೋಡದ ನೆರಳು, ನಡುವೆ ಹತ್ತು ಜನ ಹೆಣ್ಣುಮಕ್ಕಳು. "ಒಂಚೂರು ಆ ಕಡೆ ಸರೀತೀರೇನ್ರವ್ವ? ಬರೇ ಗದ್ದಿ ಬೇಕಾಗಿತ್ತು" ಅಂದೆ.

ಹಿರಿಯಾಕೆ ಸೊಂಟ ನೆಟ್ಟಗೆ ಮಾಡಿ ನಿಂತಳು. "ನಾವು ಹಚ್ಚಿದ ಗದ್ದಿ ಬೇಕು, ನಾವು ಬ್ಯಾಡೇನು?"

ಹಾಗಂದರೂ, ಪಾಪ, ಸರಿದು ನಿಂತರು. ಅಷ್ಟರಲ್ಲಿ ಫ್ಲ್ಯಾಶ್ ಗದ್ದೆಗಿಳಿದು ಹೊಸ ಸಸಿಗಳನ್ನು ತುಳಿದು ನಡುವೆ ಕೂತಿತು, ಗದ್ದ ಮೇಲೆತ್ತಿತು. ಹಿರಿಯಾಕೆ ಒಂದು ಹಿಡಿ ಸಸಿ ತಂದು ನನ್ನ ಕೈಗಿಟ್ಟಳು. "ನಾಯಿ ಕಿತ್ತಿದ್ದು ಯಜಮಾನ ಹಚ್ಚಬೇಕು."

ಪ್ಯಾಂಟು ಮಡಚಿ ಇಳಿದೆ. ಎರಡು ವಾರ ಬಿಟ್ಟು ಬಸ್ಸಿನಲ್ಲಿ ಆ ದಾರಿಯಲ್ಲಿ ಬರುವಾಗ ಹೆಂಡತಿ ಕಿಟಕಿಯಿಂದ ಕೈ ತೋರಿಸಿದಳು. "ನೋಡ್ರಿ, ನಿಮ್ಮ ಸಾಲು." ಅಷ್ಟು ದೊಡ್ಡ ಗದ್ದೆಯಲ್ಲಿ ಸೊಟ್ಟಗಿದ್ದದ್ದು ಅದೊಂದೇ.

ನಮ್ಮ ಮರುಭೂಮಿ

ಬೇಸಿಗೆಯಲ್ಲಿ ಟಿ.ಬಿ. ಡ್ಯಾಂ ಹಿನ್ನೀರು ಇಳಿದಾಗ ಕಣ್ಣು ಹಾಯಿಸಿದಷ್ಟೂ ಬಿರಿದ ನೆಲ ಮತ್ತು ಮರಳು. ನೀರು ಬರುವವರೆಗೆ ಅದೇ ನಮ್ಮ ಮರುಭೂಮಿ. ಈ ಸಲ ಟೆಂಟ್ ಕೊಂಡು, ಹಳೇ ಕಾರಿನಲ್ಲಿ ಮೂವರೂ ಹೊರಟೆವು. ಹೆಂಡತಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಕೊಡ ನೀರು ಕಟ್ಟಿಕೊಂಡಳು. ಮೊಳೆಯಿಂದ ಕೊಡೆಯನ್ನೂ ತೆಗೆದುಕೊಂಡಳು. "ಈ ಸಲ ತಗೀದಿದ್ರ ಆ ಮೊಳಿ ನನಗ" ಅಂದಳು.

ರಾತ್ರಿ ಸುಖವಾಗಿ ಕಳೆಯಿತು. ಬೆಳಗ್ಗೆ ಚಹಾ ಕಾಯಿಸುವಾಗ ಸುಂಟರಗಾಳಿಯೊಂದು ಎದ್ದು ಟೆಂಟನ್ನು ಗೂಟ ಸಮೇತ ಎತ್ತಿಕೊಂಡು ಹೋಯಿತು. ಫ್ಲ್ಯಾಶ್ ಬೊಗಳುತ್ತ ಅದರ ಹಿಂದೆ ಓಡಿತು. ಧೂಳು ಇಳಿದಾಗ ಟೆಂಟೂ ಇಲ್ಲ, ನಾಯಿಯೂ ಇಲ್ಲ.

ಒಂದು ತಾಸು ಕೂಗಿದೆವು. ಬಿಸಿಲು ಏರಿತು. ನೆರಳಿಲ್ಲ, ನೀರಿಲ್ಲ, ನಾಯಿಗೆ ಹತ್ತು ವರ್ಷ ದಾಟಿದೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ರೀ, ಸ್ಟ್ಯಾಂಡ್ ನಿಲ್ಲಸ್ರಿ" ಅಂದಳು.

"ಈಗ ಫೋಟೋ ಏನೇ?"

"ಫೋಟೋಕ್ಕಲ್ರಿ. ಅದಕ್ಕ ಗೊತ್ತಾಗ್ಲಿ."

ದಿಬ್ಬದ ಮೇಲೆ ನಿಲ್ಲಿಸಿ ಕ್ಯಾಮೆರಾ ಕೂರಿಸಿ ಕಣ್ಣಿಟ್ಟೆ. ಬಿರಿದ ನೆಲ, ಆಚೆ ನೀರಿನ ಗೆರೆ, ಮೇಲೆ ಆಕಾಶ. ಒಂದು ನರಪಿಳ್ಳೆಯಿಲ್ಲ, ನಾಯಿಯೂ ಇಲ್ಲ. ಮೂರು ವರ್ಷದಿಂದ ಹುಡುಕಿದ ಚಿತ್ರ ಅದೇ. ಬಟನ್ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಅಂಥ ಖಾಲಿಯನ್ನು ಗೋಡೆಗೆ ಹಾಕಿಕೊಂಡು ದಿನಾ ನೋಡುವ ಧೈರ್ಯ ನನಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ದೂರದಲ್ಲಿ ಒಂದು ಚುಕ್ಕಿ ಕಂಡಿತು. ಚುಕ್ಕಿಗೆ ಬಾಲ ಬಂತು. ಫ್ಲ್ಯಾಶ್ ಓಡುತ್ತ ಬಂದು, ನಮ್ಮಿಬ್ಬರನ್ನೂ ದಾಟಿ, ಕ್ಯಾಮೆರಾ ಮುಂದೆ ಕೂತು ಗದ್ದ ಮೇಲೆತ್ತಿತು. ಅದರ ಹಿಂದೆಯೇ ನಮ್ಮ ಟೆಂಟ್ ಬಗಲಲ್ಲಿಟ್ಟುಕೊಂಡು ಏದುಸಿರು ಬಿಡುತ್ತ ಒಬ್ಬ ರೈತ ಬಂದ.

"ಸರ, ಕೈ ಮುಗೀತೀನಿ, ಇವತ್ತ ನೆಲ ಅಳೀಬ್ಯಾಡ್ರಿ. ನೀರಿಳಿದ ಜಾಗದಾಗ ನಾಕು ಕಲ್ಲಂಗಡಿ ಬಳ್ಳಿ ಹಾಕೀನಿ. ಕಾಯಿ ಕಿತ್ತಮ್ಯಾಲ ಬೇಕಾದ್ರ ಅಳೀರಿ. ನಿಮ್ಮ ನಾಯಿ ನನ್ನ ಗುಡಿಸಲ ನೆರಳಾಗ ಮಲಗಿತ್ತು. ಈ ಸ್ಟ್ಯಾಂಡ್ ಕಂಡಿದ್ದ ತಡ ಅದೂ ಎದ್ದು ಓಡ್ತು, ನಾನೂ ಎದ್ದು ಓಡಿ ಬಂದೆ."

ಸರ್ವೆ ಅಲ್ಲ, ಬರೀ ಫೋಟೋ ಎಂದು ತಿಳಿಸುವಷ್ಟರಲ್ಲಿ ಸಾಕಾಯಿತು. ತಿಳಿದ ಕೂಡಲೇ ಅವನ ಮುಖ ಅರಳಿತು. ತಲೆವಸ್ತ್ರ ಸರಿಮಾಡಿಕೊಂಡು, ಟೆಂಟನ್ನು ತೊಡೆಯ ಮೇಲಿಟ್ಟುಕೊಂಡು ನಾಯಿಯ ಪಕ್ಕದಲ್ಲಿ ಕೂತು ಅವನೂ ಗದ್ದ ಮೇಲೆತ್ತಿದ. ನಾನು ಎಂದಿನಂತೆ "ಒಂಚೂರು ನಗ್ರಿ" ಅಂದೆ. ಕಣ್ಣು ಮಂಜಾಗಿತ್ತು, ಆದರೂ ಈ ಸಲ ಬಟನ್ ಒತ್ತಿದೆ.

ಈಗ ಆ ಮೊಳೆಗೆ ಅದೇ ಚಿತ್ರ, ಗೋಡೆ ತುಂಬುವಷ್ಟು ದೊಡ್ಡದು. ಮೊನ್ನೆ ಪಾಪಿನಾಯಕನಹಳ್ಳಿಯಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಹುಡುಗಿ ಗೋಡೆ ನೋಡಿ, "ಈ ಪರದಿ ಮಸ್ತ್ ಐತ್ರಿ. ನಮಗೂ ಇದನ್ನ ಹಾಕ್ರಿ. ಆದ್ರ ಆ ಮನಷಾ, ನಾಯಿ ಬ್ಯಾಡ್ರಿ, ತಗದುಬಿಡ್ರಿ" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಫ್ಲ್ಯಾಶ್ ಎದ್ದು ಹೋಗಿ ಇಬ್ಬರ ನಡುವೆ ಕೂತಿತು.

"ಅದನ್ನ ತಗೀಲಿಕ್ಕೆ ಮೂರು ವರ್ಷ ನೋಡೀವವ್ವ" ಅಂದಳು ನನ್ನ ಹೆಂಡತಿ, "ಆಗಂಗಿಲ್ಲ. ಗದ್ದ ಮ್ಯಾಲೆತ್ರಿ."