ಎಡಗಡೆ ಡಬ್ಬಿಯ ಐದು ಮುಡಿಪು

ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಾ ಕೂತಿದ್ದೆ. ಈ ಕೆಲಸ ಮಾಡುವಾಗ ನನಗೆ ನಾನೇ ಬಹಳ ಒಳ್ಳೆಯವಳಂತೆ ಕಾಣುತ್ತೇನೆ. ದೀಪ ಹೊಳೆಯುತ್ತಾ ಬಂದ ಹಾಗೆ ಮನಸ್ಸೂ ಚೊಕ್ಕವಾಯಿತೆಂದು ಅನಿಸುವುದು ನನ್ನ ಹಳೆಯ ಭ್ರಮೆ. ಅಂಥ ಹೊತ್ತಿನಲ್ಲೇ ಸೊಸೆ ಶ್ರುತಿಯ ಫೋನು ಬಂತು. ಹುಳಿ ಮೆತ್ತಿದ ಬೆರಳಿಗೆ ಫೋನು ಜಗ್ಗಲಿಲ್ಲ. ಕೊನೆಗೆ ಮೂಗಿನ ತುದಿಯಿಂದ ಒತ್ತಿದೆ.

"ಅತ್ತೆ, ಹೆದರ್ಬೇಡಿ. ಗಾಡಿ ರಸ್ತೆ ಬಿಟ್ಟು ಚರಂಡಿಗೆ ಇಳೀತು. ನಂಗೆ ಎಂತ ಆಗ್ಲಿಲ್ಲ, ಮೊಣಕೈ ತರಚಿದೆ ಅಷ್ಟೆ. ಈಗ ಗ್ಯಾರೇಜಲ್ಲಿದ್ದೇನೆ," ಎಂದಳು. ಮತ್ತೆ, "ನೀವು ಹೇಳಿದ್ದೇ ಸರಿ. ನನ್ನ ಕೈಗೆ ಬೈಕು ಆಗಿಬರೂದಿಲ್ಲ. ರಿಪೇರಿ ಮಾಡಿಸಿ ಯಾರಿಗಾದ್ರೂ ಕೊಟ್ಟುಬಿಡುವ," ಎಂದಳು.

ಮೊಣಕೈಯಲ್ಲಿ ಮುಗಿಯಿತಲ್ಲ ಎಂದು ದೇವರಿಗೆ ಕೈ ಮುಗಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯಬೇಕಾಗಿರಲಿಲ್ಲ. ಗಾಡಿ ಕೊಟ್ಟುಬಿಡುತ್ತಾಳೆಂದು ಇನ್ನೊಂದು ಸಲವೂ ಮುಗಿದೆ.

ಅದು ಮಗನ ಹಳೆಯ ಬೈಕು. ಅವನು ಪಿಕಪ್ ಓಡಿಸಲು ಶುರುಮಾಡಿದ ಮೇಲೆ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿತ್ತು. ಶ್ರುತಿಗೆ ಕೊಪ್ಪದ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಸ್ಸು ನಂಬಿದರೆ ವಾರಕ್ಕೆ ಮೂರು ದಿನ ತಡ. ಹಾಗಾಗಿ ದೀಪಾವಳಿ ಕಳೆದ ಮೇಲೆ ಗದ್ದೆ ಬಯಲಲ್ಲಿ ಬೈಕು ಕಲಿತಳು. ನಮ್ಮೂರು ಅಡ್ಡಗದ್ದೆಯ ಒಳರಸ್ತೆಯಲ್ಲಿ ಚೆನ್ನಾಗಿಯೇ ಬಿಡುತ್ತಿದ್ದಳು. ನಾನು ಮಾತ್ರ ಅವಳು ಗೇಟು ದಾಟಿದ್ದೇ ಹರಕೆಗೆ ನಿಲ್ಲುತ್ತಿದ್ದೆ.

ನಮ್ಮಲ್ಲಿ ಹರಕೆ ಹೊತ್ತರೆ ಒಂದು ಕಾಯಿ, ಒಂದು ಸೇರು ಅಕ್ಕಿ ಬಟ್ಟೆಯಲ್ಲಿ ಕಟ್ಟಿ ಮುಡಿಪು ಇಡುವ ಕ್ರಮ. ಕೋರಿದ್ದು ನಡೆದ ಮೇಲೆ ದೇವಸ್ಥಾನಕ್ಕೆ ಒಪ್ಪಿಸಬೇಕು. ಮುಡಿಪಿನ ಜಾಗ ದೇವರಕೋಣೆಯೇ ಸರಿ, ಆದರೆ ಅಲ್ಲಿಟ್ಟರೆ ನಮ್ಮವರ ಕಣ್ಣಿಗೆ ಬೀಳುತ್ತದೆ, ಅವರ ನಾಲಗೆ ಸುಮ್ಮನಿರುವುದಿಲ್ಲ. ರಕ್ಷಣೆ ಬೇಕಾದದ್ದು ಗಾಡಿಗೆ ತಾನೆ ಎಂದು ನನ್ನ ಬುದ್ಧಿ ಓಡಿತು. ಬೈಕಿನ ಎಡಗಡೆ ಬೀಗದ ದೊಡ್ಡ ಡಬ್ಬಿಯೊಂದಿದೆ. ಅದರಲ್ಲಿ ರೇನ್‌ಕೋಟು ಇರುತ್ತದೆ. ಮಳೆಗಾಲ ಮುಗಿದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. ಇನ್ನೊಂದು ಬೀಗದ ಕೈ ನನ್ನ ಗೊಂಚಲಿನಲ್ಲೇ ಇತ್ತು. ರೇನ್‌ಕೋಟಿನಡಿ ಮೊದಲ ಮುಡಿಪು ಇಟ್ಟೆ.

ವಾರ ಕಳೆದ ಮೇಲೆ ಶ್ರುತಿ, "ಹೈವೇಲಿ ಅರವತ್ತು ದಾಟಿದ್ರೆ ಗಾಡಿ ಸ್ವಲ್ಪ ಅಲ್ಲಾಡ್ತದೆ ಅತ್ತೆ," ಎಂದಳು. ಒಂದು ಸಾಲದು ಎಂದುಕೊಂಡು ಎರಡನೆಯದನ್ನು ಇಟ್ಟೆ. ಅಲುಗಾಟ ಜಾಸ್ತಿಯಾಯಿತು. ಮೂರನೆಯದು ಬಂತು. ಬಾಯಲ್ಲಿ ಮಾತ್ರ, "ಅಲ್ಲಾಡೂದು ಗಾಡಿ ಅಲ್ಲ ಮಾರಾಯ್ತಿ, ನೀನು," ಎನ್ನುತ್ತಿದ್ದೆ. ಪಕ್ಕದ ಮನೆಯ ಸರೋಜಕ್ಕನಿಗೂ, "ಅವಳ ಕೈ ಗಟ್ಟಿ ಇಲ್ಲ," ಎಂದು ವರದಿ ಒಪ್ಪಿಸಿದ್ದೆ. ನಾಲ್ಕನೆಯದಕ್ಕೂ ಗಾಡಿ ಬಗ್ಗಲಿಲ್ಲ. ಐದನೆಯದನ್ನು ಕಟ್ಟುವಾಗ ಅರಶಿನ ಬಟ್ಟೆ ಮುಗಿದು ಕೆಂಪು ಬಟ್ಟೆಯಲ್ಲಿ ಕಟ್ಟಿದೆ. ಆ ಸಲ ಕೇಳಿಕೊಂಡದ್ದೂ ಬೇರೆಯೇ.

ಶ್ರುತಿ ಫೋನಿಟ್ಟ ಅರ್ಧ ಗಂಟೆಯಲ್ಲಿ ಮತ್ತೆ ಫೋನು. ಈ ಸಲ ಗ್ಯಾರೇಜಿನ ಸುಧಾಕರ. "ಅಮ್ಮ, ಎಡಗಡೆ ಡಬ್ಬೀಲಿ ಐದು ಕಾಯಿ, ಐದು ಸೇರು ಅಕ್ಕಿ ಇದೆಯಲ್ಲ ಮಾರಾಯ್ರೆ. ಇವರು ಅಂಗಡಿಗೆ ಹೋಗೂದಾ, ಅಂಗಡಿ ಇಡ್ಲಿಕ್ಕೆ ಹೋಗೂದಾ? ಒಂದೇ ಬದಿಗೆ ಭಾರ, ಅದೂ ಆಚೆ ಈಚೆ ಜರುಗೂದು. ಹಿಂದಿನ ಟಯರಲ್ಲಿ ಗಾಳಿ ಬೇರೆ ಕಮ್ಮಿ. ಸ್ಪೀಡಲ್ಲಿ ಗಾಡಿ ಹಾವಿನ ಹಾಗೆ ಆಡ್ದೆ ಇನ್ನೆಂತ ಮಾಡ್ತದೆ? ಹೆದರಿ ಹ್ಯಾಂಡಲ್ ಬಿಗಿ ಹಿಡಿದ್ರೆ ಇನ್ನೂ ಜಾಸ್ತಿ. ಪಾಪ, ಇವರು ಇಷ್ಟು ದಿನ ಬೀಳದೆ ಓಡಿಸಿದ್ದೇ ದೊಡ್ಡದು."

ಹುಣಸೆಹುಳಿ ಕೈಯಲ್ಲೇ ಒಣಗಿತು.

ಸಂಜೆ ಶ್ರುತಿ ಐದು ಗಂಟನ್ನೂ ಜಗಲಿಯ ಮೇಲೆ ಸಾಲಾಗಿ ಇಟ್ಟಳು. ನಮ್ಮವರು ಕನ್ನಡಕ ಏರಿಸಿ ನೋಡಿ, "ಅಕ್ಕಿ ಡಬ್ಬಿಗೆ ಇಲಿ ಬಿದ್ದಿದೆ ಅಂತಿದ್ದೆಯಲ್ಲ, ಸಿಕ್ಕಿತಲ್ಲ ಇಲಿ," ಎಂದರು.

"ನಾಲ್ಕು ಅರಶಿನ, ಇದೊಂದು ಕೆಂಪು. ಇದು ಎಂತಕ್ಕೆ ಅತ್ತೆ?" ಎಂದಳು ಶ್ರುತಿ.

ಬಟ್ಟೆ ಮುಗಿದಿತ್ತು ಎಂದರೆ ಸುಳ್ಳಾಗುತ್ತಿರಲಿಲ್ಲ. ಆದರೆ ಅರ್ಧ ಉಜ್ಜಿದ ದೀಪಗಳು ಒಳಗಿಂದ ನನ್ನನ್ನೇ ನೋಡುತ್ತಿದ್ದವು. "ನಾಲ್ಕು ನೀನು ಕ್ಷೇಮವಾಗಿ ಬರ್ಲಿ ಅಂತ. ಇದು ನಿಂಗೆ ಬೈಕಿನ ಹುಚ್ಚು ಬಿಟ್ಟುಹೋಗ್ಲಿ ಅಂತ," ಎಂದೆ.

ಅವಳು ಮೊಣಕೈಯ ಪಟ್ಟಿ ಸವರಿಕೊಂಡಳು. "ದೇವರು ಬೇರೆ ಯಾವ ದಾರೀಲಿ ಬಿಡಿಸ್ಬೇಕಿತ್ತು ಅತ್ತೆ?"

"ಬೀಳ್ಲಿ ಅಂತ ನಾನು ಕೇಳ್ಲಿಲ್ಲ ಕೂಸೆ," ಎಂದೆ. ಹೇಳಿದ ಮೇಲೆ ನನಗೇ ಆ ಮಾತು ಬಹಳ ಸಣ್ಣದಾಗಿ ಕೇಳಿಸಿತು. "ತಪ್ಪು ನಂದು. ಗಾಡಿ ಕೊಡ್ಬೇಡ. ಸರೋಜಕ್ಕನಿಗೂ ನಾನೇ ಹೋಗಿ ಹೇಳ್ತೇನೆ."

ಅವಳು ಒಳಗೆ ಹೋದಳು. ಆ ವಾರ ಬಸ್ಸಿಗೇ ಹೋದಳು, ಬೈಕು ಕೊಟ್ಟಿಗೆಯಲ್ಲೇ ನಿಂತಿತ್ತು. ಸರೋಜಕ್ಕನ ಮನೆಗೆ ಹೋಗಿ ಹೇಳಿ ಬಂದೆ. ಅವರು ಕೇಳಿ ಎರಡು ಸಲ ಕಾಫಿ ಕೊಟ್ಟರು, ಎರಡು ಸಲವೂ ಕತೆ ಮೊದಲಿನಿಂದ ಹೇಳಿಸಿದರು. ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬೈಕಿನ ಸದ್ದಾಯಿತು. "ಹೆಲ್ಮೆಟ್ ಹಾಕಿ, ಕೂರಿ ಅತ್ತೆ. ಐದನ್ನೂ ಒಪ್ಪಿಸಿ ಬರುವ. ಕೆಂಪಿನದ್ದು ತಪ್ಪುಕಾಣಿಕೆ," ಎಂದಳು.

ಗಂಟುಗಳ ಚೀಲವನ್ನು ಇಬ್ಬರ ನಡುವೆ ಇಟ್ಟುಕೊಂಡು ಜೀವಮಾನದಲ್ಲಿ ಮೊದಲ ಸಲ ಬೈಕು ಹತ್ತಿದೆ. ಹೆದ್ದಾರಿ ಬಂದದ್ದೇ ಕಣ್ಣು ಮುಚ್ಚಿದೆ. "ಅರವತ್ತು ಆಯ್ತು ಅತ್ತೆ, ಅಲ್ಲಾಡ್ತದಾ?" ಎಂದು ಕೇಳಿದಳು. ಇಲ್ಲವೆಂದೆ. "ನೀವು ಎಡಕ್ಕೆ ವಾಲ್ತಾ ಇದ್ದೀರಿ. ನಡುವೆ ಕೂರಿ," ಎಂದಳು. ಕೂತೆ.

ಅರ್ಚಕರು ಐದು ಕಾಯಿಯನ್ನೂ ಒಡೆದು ಹತ್ತು ಹೋಳನ್ನೂ ಪ್ರಸಾದವೆಂದು ನನ್ನ ಕೈಗೇ ಹಾಕಿದರು. ಈಗ ಮನೆಯಲ್ಲಿ ಹೊತ್ತುಹೊತ್ತಿಗೆ ಚಟ್ನಿ. ನಮ್ಮವರು ದಿನಾ, "ಇವತ್ತು ಯಾವ ಹರಕೆಯದ್ದು?" ಎಂದು ಕೇಳುತ್ತಾರೆ. ಕೆಂಪು ಬಟ್ಟೆಯ ಕಾಯಿಯ ಹೋಳು ಯಾವುದೆಂದು ನನಗೆ ಗುರುತು ಸಿಗುವುದಿಲ್ಲ. ಆದ್ದರಿಂದ ಹತ್ತನ್ನೂ ತಲೆ ತಗ್ಗಿಸಿಕೊಂಡೇ ತುರಿಯುತ್ತಿದ್ದೇನೆ.