ಹಳದಿ ಬಾಗಿಲಿನ ಪುಸ್ತಕ

ಆಗ ನನಗೆ ಅರವತ್ತೇಳು. ಇದು ನಡೆದು ಮೂರು ವರ್ಷವಾಯಿತು. ಆ ವಯಸ್ಸಿಗೆ ನನಗೆ ಬರುತ್ತಿದ್ದುದು ಮೂರೇ ಅಕ್ಷರ: ಕೆಂ, ಪ, ಮ್ಮ. ಅವನ್ನೂ ಬರೆಯುತ್ತಿರಲಿಲ್ಲ, ರಂಗೋಲಿ ಎಳೆದ ಹಾಗೆ ಎಳೆಯುತ್ತಿದ್ದೆ. ಬಸ್ಸಿನ ನಂಬರು ಗೊತ್ತಾಗುತ್ತಿತ್ತು, ಬೋರ್ಡು ಗೊತ್ತಾಗುತ್ತಿರಲಿಲ್ಲ. ಇಷ್ಟು ವಿದ್ಯಾರ್ಹತೆ ಇಟ್ಟುಕೊಂಡು ನಾನು ಅಶೋಕಪುರಂನ ನಮ್ಮ ಬೀದಿ ಅಂಗನವಾಡಿಗೆ ಪುಸ್ತಕ ಆರಿಸಿಕೊಡುವ ಅಧಿಕಾರಿಯಾದೆ.

ತಪ್ಪು ಕನ್ನಡಕದ್ದು. ಕಣ್ಣಿನ ಪೊರೆ ತೆಗೆಸಿದ ಮೇಲೆ ದಪ್ಪ ಗಾಜಿನ ಕನ್ನಡಕ ಕೊಟ್ಟಿದ್ದರು. ಮೊಮ್ಮಗಳು ಇಂಚರಳನ್ನು ಅಂಗನವಾಡಿಗೆ ಬಿಟ್ಟು ಮಧ್ಯಾಹ್ನದವರೆಗೂ ಅಲ್ಲೇ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಎಲೆ ಅಡಿಕೆ ಸುತ್ತಿಕೊಂಡು ಬಂದ ಪೇಪರ್ ತೊಡೆ ಮೇಲೆ ಇರುತ್ತಿತ್ತು. ಕನ್ನಡಕ ಒಂದು, ಪೇಪರ್ ಒಂದು. ಸುಧಾ ಟೀಚರ್ ಅಷ್ಟರಿಂದಲೇ ನನ್ನನ್ನು ಓದಿದವಳು ಅಂತ ತೀರ್ಮಾನ ಮಾಡಿದರು. ನಾನೂ ತಿದ್ದಲಿಲ್ಲ. ಮೂವತ್ತು ವರ್ಷ ಲಕ್ಷ್ಮೀಪುರಂ ಮನೆಗಳಲ್ಲಿ ಪಾತ್ರೆ ತೊಳೆದವಳನ್ನು ಯಾರಾದರೂ ಓದಿದೋರು ಅಂದರೆ ತಿದ್ದೋಕೆ ಮನಸ್ಸು ಬರುತ್ತಾ?

ಅದೇ ಲಕ್ಷ್ಮೀಪುರಂನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಎರಡು ಮೂಟೆ ಹಳೇ ಪುಸ್ತಕ ಅಂಗನವಾಡಿಗೆ ಕೊಟ್ಟರು. ಇದರಲ್ಲಿ ಚಿಕ್ಕ ಮಕ್ಕಳಿಗೆ ಆಗುವಂಥದ್ದು ತೆಗೆದುಕೊಡಿ, ಶನಿವಾರ ಶನಿವಾರ ನೀವೇ ಓದಿ ಹೇಳಿ ಅಂದರು ಟೀಚರ್. ಆಮೇಲೆ ದನಿ ಇಳಿಸಿ, ನಿಮ್ಮ ಇಂಚರಾಗೆ ಪುಸ್ತಕ ಕಂಡರೆ ಆಗೋದೇ ಇಲ್ಲ, ಒಂದನೇ ಕ್ಲಾಸಿಗೆ ಹೋದಾಗ ಕಷ್ಟ ಆಗುತ್ತೆ ಅಂದರು. ಅದು ನಿಜ. ಐದು ವರ್ಷದ ಹುಡುಗಿ, ಪುಸ್ತಕ ಕೊಟ್ಟರೆ ಅದರ ಮೇಲೆ ಕೂತುಕೊಳ್ಳುತ್ತಿದ್ದಳು. ಇವಳೂ ನನ್ನ ಹಾಗೆ ಬಸ್ ಸ್ಟಾಪಿನಲ್ಲಿ ಅವರಿವರನ್ನು ಕೇಳಿಕೊಂಡು ಬದುಕಬೇಕಾಗುತ್ತಲ್ಲ ಅಂತ ನನಗೆ ಒಳಗೇ ಭಯ. ಒಪ್ಪಿಕೊಂಡೆ.

ಪುಸ್ತಕ ಆರಿಸುವುದೇನು ಬ್ರಹ್ಮವಿದ್ಯೆಯಲ್ಲ ಅಂದುಕೊಂಡೆ. ಬದನೆಕಾಯಿ ಆರಿಸಲ್ವಾ? ಹಾಳೆ ಎಳೆದು ನೋಡಿದೆ, ಹರಿಯುವಂಥದ್ದು ಪಕ್ಕಕ್ಕೆ. ಮೂಸಿ ನೋಡಿದೆ, ಮುಗ್ಗಲು ವಾಸನೆಯದ್ದು ಪಕ್ಕಕ್ಕೆ. ಅಕ್ಷರ ಜಾಸ್ತಿ ಇರುವುದೆಲ್ಲ ಪಕ್ಕಕ್ಕೆ, ಅದು ಮಕ್ಕಳ ಹಿತಕ್ಕೆ ಅಂತಲೇ ಇಟ್ಟುಕೊಳ್ಳಿ. ಎರಡು ಮೂಟೆಯಲ್ಲಿ ನನ್ನ ಪರೀಕ್ಷೆ ಪಾಸಾಗಿದ್ದು ಒಂದೇ ಒಂದು ಪುಸ್ತಕ. ರಟ್ಟು ಕಿತ್ತುಹೋಗಿತ್ತು, ಎಂಟೇ ಪುಟ. ಆದರೆ ಹಾಳೆ ಗಟ್ಟಿ, ಮಿರಮಿರ ಮಿಂಚುತ್ತಿತ್ತು, ಪುಟದ ತುಂಬ ಚಿತ್ರ, ಕೆಳಗೆ ಒಂದೊಂದೇ ಸಾಲು.

ಚಿತ್ರದಲ್ಲಿ ಒಬ್ಬ ಗಂಡಸು ಹೊಟ್ಟೆ ಹಿಡಿದುಕೊಂಡು, ಮುಖ ಕಿವುಚಿಕೊಂಡು ಸಂಜೆ ಹೊತ್ತಲ್ಲಿ ನಿಂತಿದ್ದಾನೆ. ಎದುರಿಗೆ ಒಂದು ಪುಟ್ಟ ಮನೆ. ಹೆಂಚಿನ ಚಾವಣಿ, ಮುಂದೆ ರಂಗೋಲಿ, ಪಕ್ಕದಲ್ಲಿ ದಾಸವಾಳದ ಗಿಡ. ಕಿಟಕಿಯೇ ಇಲ್ಲ. ಮೇಲೆ ಗೋಡೆಯಲ್ಲಿ ಅಂಗೈಯಗಲ ಒಂದು ತೂತು. ಹಳದಿ ಬಾಗಿಲು. ಅವನು ಒಳಗೆ ಹೋಗುತ್ತಾನೆ. ಮುಂದಿನ ಪುಟದಲ್ಲಿ ಬಾಗಿಲು ಹಾಕಿದೆ, ಒಂದು ಎಮ್ಮೆ ಮಾತ್ರ ಆ ಬಾಗಿಲನ್ನೇ ನೋಡುತ್ತಾ ನಿಂತಿದೆ. ಅದರ ಮುಂದಿನ ಪುಟದಲ್ಲಿ ಅವನು ಹೊರಗೆ ಬರುತ್ತಾನೆ, ಹಲ್ಲು ಅಷ್ಟೂ ಕಾಣುವ ಹಾಗೆ ನಗುತ್ತಾ. ಆಮೇಲೆ ಅವನ ಹೆಂಡತಿ ಹೋಗುತ್ತಾಳೆ, ಮಕ್ಕಳು ಹೋಗುತ್ತಾರೆ. ಕೊನೇ ಪುಟದಲ್ಲಿ ಊರಿಗೆ ಊರೇ ಸಾಲಾಗಿ ನಿಂತಿದೆ. ಎಲ್ಲರ ಮುಖದಲ್ಲೂ ಅದೇ ನಗು.

ನಿಮಗೆ ಈಗಾಗಲೇ ಗೊತ್ತಾಗಿರಬಹುದು. ನನಗೆ ಗೊತ್ತಾಗಲಿಲ್ಲ. ನಾನು ಕಂಡ ಯಾವುದರ ಮುಂದೆಯೂ ಯಾರೂ ರಂಗೋಲಿ ಹಾಕಿರಲಿಲ್ಲ.

ಶನಿವಾರ ಹದಿನಾಲ್ಕು ಮಕ್ಕಳನ್ನು ಸುತ್ತ ಕೂರಿಸಿಕೊಂಡೆ. ಟೀಚರ್ ಆ ಕಡೆ ಮೊಬೈಲಿನಲ್ಲಿ ಮಕ್ಕಳ ತೂಕ ತುಂಬಿಸುತ್ತಾ ಕೂತಿದ್ದರು. ನಾನು ಸಾಲಿನ ಕೆಳಗೆ ಬೆರಳಿಟ್ಟು, ಓದುವವರ ಹಾಗೇ ಎಳೆದು ಎಳೆದು ಶುರು ಮಾಡಿದೆ. ಬಾಯಿಗೆ ಬಂದಿದ್ದೇ ಕತೆ. ಅವನ ಮುಖ ಒಳಗೆ ಹೋಗುವಾಗ ಒಂದು ಥರ, ಬರುವಾಗ ಇನ್ನೊಂದು ಥರ ಇತ್ತಲ್ಲ, ಅದು ನನ್ನ ತಲೆ ಹೊಕ್ಕಿತ್ತು. ಆ ಎಮ್ಮೆಗೆ ಏನೋ ಗೊತ್ತಿದೆ ಅನ್ನಿಸುತ್ತಿತ್ತು.

"ಒಳಗೆ ಹೋದನಲ್ಲ, ಅವನು ಬರಲಿಲ್ಲ" ಅಂದೆ. "ಅವನಂಗೇ ಇರೋದು ಬಂತು."

ಹದಿನಾಲ್ಕು ಬಾಯಿ ತೆರೆದುಕೊಂಡವು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು, ಒಂದು ತಲೆಯೂ ಆ ಕಡೆ ತಿರುಗಲಿಲ್ಲ. ಇಂಚರ ಮೊದಲ ಸಲ ಪುಸ್ತಕದ ಮೇಲೆ ಕೂರದೆ ಅದರ ಮುಂದೆ ಕೂತಿದ್ದಳು. ಅದನ್ನು ನೋಡಿ ನನಗೆ ಹುಮ್ಮಸ್ಸು ಏರಿತು. ಅದೇ ಮುಖ, ಅದೇ ದನಿ, ಅದೇ ಅಂಗಿ, ಹೆಂಡತಿ ಮುದ್ದೆ ಬಡಿಸಿದರೆ ತಿನ್ನುತ್ತದೆ, ಮಕ್ಕಳನ್ನು ಹೆಸರು ಹಿಡಿದೇ ಕರೆಯುತ್ತದೆ, ಆದರೆ ಅದು ಅವನಲ್ಲ ಅಂದೆ. ಅಷ್ಟೊತ್ತಿಗೆ ಇಂಚರ ಬಾಗಿಲ ಮೇಲೆ ಬೆರಳಿಟ್ಟು, ಇದು ನಮ್ಮ ಹಿತ್ತಲ ಬಾಗಿಲಿನ ಥರಾನೇ ಇದೆ ಅಂದಳು. ನಮ್ಮ ಸಾಲಿನ ಐದು ಮನೆಗೂ ಹಿತ್ತಲಲ್ಲಿ ಒಂದೇ ಕಕ್ಕಸು. ಅದರ ತಗಡಿನ ಬಾಗಿಲು ಹಳದಿ. ಅಂಗನವಾಡಿಯದೂ ಹಳದಿ. ಒಬ್ಬನೇ ಪೇಂಟರು, ಒಂದೇ ಡಬ್ಬ.

ಅಲ್ಲಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕತೆ ಹೇಳುವ ಅಮಲಿನಲ್ಲಿ, "ಎಲ್ಲ ಹಳದಿ ಬಾಗಿಲೂ ಒಂದೇ ಮನೆಗೆ ಹೋಗೋದು ಕಣೇ" ಅಂದುಬಿಟ್ಟೆ.

ಒಂದು ಮಗು, ಅದು ಯಾವುದು, ಮನುಷ್ಯ ಯಾವುದು ಅಂತ ಹೆಂಗೆ ಗೊತ್ತಾಗುತ್ತೆ ಅಂತ ಕೇಳಿತು. ಇಲ್ಲಿ ನಾನು ನನ್ನ ಬುದ್ಧಿವಂತಿಕೆಯ ತುತ್ತತುದಿ ಮುಟ್ಟಿದೆ. ಮಕ್ಕಳಿಗೆ ಓದಿನ ಆಸೆ ಹುಟ್ಟಿಸಬೇಕು ತಾನೇ? ಒಳಗಿಂದ ಬಂದದ್ದಕ್ಕೆ ಎಲ್ಲ ಬರುತ್ತೆ, ಓದೋದು ಒಂದು ಬರಲ್ಲ, ಕೈಗೆ ಅಕ್ಷರ ಕೊಟ್ಟು ಓದು ಅನ್ನಬೇಕು, ಓದಿದರೆ ಮನುಷ್ಯ ಅಂದೆ.

ಸೋಮವಾರ ಅಂಗನವಾಡಿಯಲ್ಲಿ ಪವಾಡ. ಮಕ್ಕಳು ಬಂದವೇ ಸ್ಲೇಟು ಹಿಡಿದು ಟೀಚರ್ ಸೆರಗು ಎಳೆದವು, ಅಕ್ಷರ ಹೇಳಿಕೊಡಿ, ಬೇಗ ಹೇಳಿಕೊಡಿ ಅಂತ. ಇಂಚರ ವಾರದೊಳಗೆ ಅ ಇಂದ ಳ ವರೆಗೂ ಒಪ್ಪಿಸಿದಳು. ಟೀಚರ್ ನನಗೆ ಕೈ ಮುಗಿದರು. ನಾನು ಕನ್ನಡಕ ಸರಿ ಮಾಡಿಕೊಂಡೆ.

ಇನ್ನೊಂದು ವಿಷಯ ಯಾರೂ ಇದಕ್ಕೆ ಸೇರಿಸಿ ಯೋಚಿಸಲಿಲ್ಲ. ಮಕ್ಕಳು ಕಕ್ಕಸಿಗೆ ಹೋಗುವುದು ನಿಲ್ಲಿಸಿದ್ದವು. ಹನ್ನೊಂದು ಗಂಟೆಗೆಲ್ಲ ಕಾಲು ಹೆಣೆದುಕೊಂಡು ಕೂರುತ್ತಿದ್ದವು. ಅಂಗನವಾಡಿಯ ಚಾಪೆಗಳೆಲ್ಲ ತಂತಿಯ ಮೇಲೆ. ಪಕ್ಕದ ಮನೆ ಜಯಮ್ಮ ಇದು ದೃಷ್ಟಿ ಅಂದು ಮೆಣಸಿನಕಾಯಿ ನಿವಾಳಿಸಿದಳು. ನಾನು ಬಿಸಿಲಿನ ಝಳ ಇರಬೇಕು ಅಂದೆ, ಬಾರ್ಲಿ ನೀರು ಕುಡಿಸಿ ಅಂತ ಸಲಹೆ ಬೇರೆ ಕೊಟ್ಟೆ. ಕುಡಿಸಿದರು. ಚಾಪೆ ಇನ್ನೂ ನಾಲ್ಕು ಜಾಸ್ತಿಯಾಯಿತು.

ಮನೆಯಲ್ಲಿ ಬೇರೆ ಥರ. ನನ್ನ ಮಗ ಮಹೇಶ ಗೂಡ್ಸ್ ಆಟೋ ಓಡಿಸುವವನು, ಬೆಳಿಗ್ಗೆ ಅವಸರ. ಅವನು ಕಕ್ಕಸಿನಿಂದ ಹೊರಗೆ ಬಂದರೆ ಇಂಚರ ದೂರದಲ್ಲಿ ನಿಂತು ಪೇಪರ್ ನೆಲದ ಮೇಲೆ ಅವನ ಕಡೆ ತಳ್ಳುತ್ತಿದ್ದಳು. ಓದು ಅನ್ನುವಳು. ಅವನು ನಗುತ್ತಾ ಒಂದು ಸಾಲು ಓದುವನು. ಆಮೇಲೆಯೇ ಹತ್ತಿರ ಬಂದು ಕಾಲು ತಬ್ಬಿಕೊಳ್ಳುತ್ತಿದ್ದಳು. ಸೊಸೆ ರೂಪಳಿಗೂ ಅದೇ ಪರೀಕ್ಷೆ. ನನ್ನನ್ನು ಮಾತ್ರ ಕೇಳುತ್ತಿರಲಿಲ್ಲ. ಅಜ್ಜಿ ಪುಸ್ತಕ ಓದುವವಳು, ಅವಳಿಗೇನು ಅನುಮಾನ? ನಾನೂ ಅವಳು ಅಂಗನವಾಡಿಯಲ್ಲಿರುವಾಗ ಮಾತ್ರ ಹೋಗಿ ಬರುತ್ತಿದ್ದೆ. ಯಾಕೋ ಹಾಗೆ ಮಾಡುವುದು ವಾಸಿ ಅನ್ನಿಸಿತ್ತು.

ಭಾನುವಾರ ನಂಜನಗೂಡಿನಿಂದ ಜಯಮ್ಮನ ಭಾವ ಬಂದರು. ದೊಡ್ಡ ಮನುಷ್ಯರು, ಬಿಳೀ ಪಂಚೆ. ಊಟ ಮಾಡಿ ಹಿತ್ತಲಿಗೆ ಹೋದರು. ಬಾಗಿಲು ತೆಗೆದು ಹೊರಗೆ ಬಂದರೆ ಐದಾರು ಮಕ್ಕಳು ಪೇಪರ್ ಹಿಡಿದು ನಿಂತಿವೆ. ಅವರ ಕನ್ನಡಕ ಮನೆಯೊಳಗೆ ಚೀಲದಲ್ಲಿತ್ತು. ಪೇಪರನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ಕಾಣಲ್ಲ ಮಗ ಅಂದು ಪಾಪ, ಪ್ರೀತಿಯಿಂದ ನಕ್ಕರು.

ಮಕ್ಕಳು ಕಿಟಾರನೆ ಕಿರುಚಿ ಅವರನ್ನು ಒಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿದವು. ಅವರು ಒಳಗಿನಿಂದ ಬಾಗಿಲು ಬಡಿದರು, ನಾನು ಕಣ್ರೋ, ಜಯಮ್ಮನ ಭಾವ ಅಂತ ಕೂಗಿದರು. ಹೊರಗೆ ಇಂಚರ ತಣ್ಣಗೆ ಮಿಕ್ಕವರಿಗೆ ಹೇಳುತ್ತಿದ್ದಳು: "ನೋಡಿದ್ರಾ, ಅವರಂಗೇ ಮಾತಾಡ್ತದೆ."

ನಾವು ದೊಡ್ಡವರು ಅಂಗಡಿ ಬೀದಿಗೆ ಹೋಗಿದ್ದವರು ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಭಾವನವರು ಹೊರಗೆ ಬಂದವರೇ ಚೀಲ ತೆಗೆದುಕೊಂಡು ಬಸ್ಸಿಗೆ ಹೋದರು. ಅವರ ಮುಖದಲ್ಲಿ ನಗು ಇರಲಿಲ್ಲ ಅನ್ನುವುದನ್ನು ಮಕ್ಕಳು ಗಮನಿಸಿದವು. ನಿಜವಾದವರು ವಾಪಸ್ ಬಂದರು ಅಂತ ಸಮಾಧಾನಪಟ್ಟವು.

ವಿಚಾರಣೆ ಆಯಿತು. ಎಲ್ಲ ಮಕ್ಕಳದೂ ಒಂದೇ ಉತ್ತರ: ಅಜ್ಜಿ ಓದಿದ ಪುಸ್ತಕದಲ್ಲಿದೆ. ರೂಪ ನನ್ನ ಕಡೆ ತಿರುಗಿ ನೋಡಿದಳು. ಜಯಮ್ಮ ಟೀಚರಿಗೆ ಫೋನು ಮಾಡಿದಳು. ಟೀಚರ್, ಅದು ಯಾವ ಪುಸ್ತಕ ಅಂತ ಈಗಲೇ ಬಂದು ನೋಡುತ್ತೇನೆ ಅಂದರಂತೆ.

ಪುಸ್ತಕ ನನ್ನ ಸೊಂಟದಲ್ಲೇ ಇತ್ತು. ಬೇರೆಯವರ ಕೈಗೆ ಸಿಕ್ಕರೆ ಓದಿಬಿಡುತ್ತಾರೆ ಅಂತ ನಾನು ಅದನ್ನು ಎಲ್ಲೂ ಇಡುತ್ತಿರಲಿಲ್ಲ. ಈಗ ಎಲ್ಲಾದರೂ ಮಾಯ ಮಾಡಬೇಕು. ಈ ಮನೆಯಲ್ಲಿ ಮಕ್ಕಳು ಕಾಲಿಡದ ಜಾಗ ಒಂದೇ. ಹಿತ್ತಲಿಗೆ ಹೋಗಿ ಹಳದಿ ಬಾಗಿಲು ಹಾಕಿಕೊಂಡೆ.

ಸಂಜೆ ಕವಿಯುತ್ತಿತ್ತು. ನಮ್ಮದಕ್ಕೂ ಗೋಡೆಯ ಮೇಲೆ ಒಂದು ತೂತಿತ್ತು, ಅದಕ್ಕೆ ಪುಸ್ತಕ ತುರುಕೋಣ ಅಂತ ಕೈ ಎತ್ತಿದೆ, ಕರೆಂಟು ಹೋಯಿತು. ಒಂದು ಗಳಿಗೆ ಏನೂ ಕಾಣಲಿಲ್ಲ. ಆಮೇಲೆ ಬಕೆಟ್ಟಿನ ನೀರಿನಲ್ಲಿ ಒಂದು ಮುಖ ಕಂಡಿತು. ನನ್ನದೇ. ನಾನು ನಗುತ್ತಿರಲಿಲ್ಲ. ಅದು ನಗುತ್ತಿದೆಯಾ ಅಂತ ಬಗ್ಗಿ ನೋಡಲಿಲ್ಲ. ಹೊರಗಡೆ ಮಣ್ಣಿನ ಮೇಲೆ ಸಣ್ಣ ಸಣ್ಣ ಕಾಲುಗಳು ಬಂದು ನಿಂತ ಸದ್ದು.

"ಹೋಗಿದ್ದು ಅಜ್ಜಿ" ಅಂದಿತು ಒಂದು ದನಿ.

ನಾನೇ ಕಟ್ಟಿದ ಕತೆ, ನನ್ನ ತೋಳಿನ ಕೂದಲೇ ನಿಮಿರಿ ನಿಂತವು. ಪುಸ್ತಕ ಕೈಯಲ್ಲೇ ಹಿಡಿದುಕೊಂಡು ಚಿಲಕ ತೆಗೆದು ಹೊರಗೆ ಬಂದೆ. ಮಕ್ಕಳು ಹೆದರಬಾರದು ಅಂತ ನಕ್ಕೆ. ಇರುವ ಹಲ್ಲೆಲ್ಲ ಕಾಣುವ ಹಾಗೆ ನಕ್ಕೆ.

ಮಕ್ಕಳು ಹಿಂದಕ್ಕೆ ಸರಿದವು. ಇಂಚರ ಮಾತ್ರ ನಿಂತಿದ್ದಳು. ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು ಮೊದಲ ಪುಟ ತೆಗೆದು ತಿರುಗಿಸಿ ಹಿಡಿದಳು. "ಓದು."

ಬೆರಳಿಟ್ಟೆ. ಹಳೇ ಕತೆ ಎಳೆದೆ. ಅವಳು ತಲೆ ಆಡಿಸಿದಳು. ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ಇದು ಮ, ಮ ಇಂದ ಶುರು ಮಾಡು ಅಂದಳು. ಅಕ್ಷರದ ಹುಚ್ಚು ಹಿಡಿಸಿದ ಪಾಪ ಯಾರದು? ನನ್ನದೇ. ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು. ಅವಳು ನನ್ನನ್ನು ಯಾರೋ ದಾರಿಹೋಕರನ್ನು ನೋಡುವ ಹಾಗೆ ನೋಡುತ್ತಿದ್ದಳು.

ಅಷ್ಟೊತ್ತಿಗೆ ಟೀಚರ್, ರೂಪ, ಮಹೇಶ, ಜಯಮ್ಮ ಎಲ್ಲ ಹಿಂದೆ ಬಂದು ನಿಂತಿದ್ದರು. ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಒಳಗೆ ಹೋದೋಳಿಗೂ ಬರ್ತಿರಲಿಲ್ಲ ಕಣವ್ವ" ಅಂದೆ. "ನಂಗೆ ಯಾವತ್ತೂ ಓದೋಕೆ ಬಂದಿಲ್ಲ."

ಇಂಚರ ಪುಸ್ತಕವನ್ನು ಎದೆಗೆ ಅವಚಿಕೊಂಡಳು.

"ಅಂಗಾದ್ರೆ ನೀನು ಮೊದಲಿಂದಲೂ ಅದೇನಾ?"

ಇದಕ್ಕೆ ಉತ್ತರ ಇದ್ದರೆ ನೀವು ಹೇಳಿ. ಟೀಚರ್ ಮೆಲ್ಲಗೆ ಪುಸ್ತಕ ತೆಗೆದುಕೊಂಡು ಮೊಬೈಲಿನ ಬೆಳಕು ಬಿಟ್ಟು ಓದಿದರು: "ಮನೆಗೊಂದು ಶೌಚಾಲಯ ಕಟ್ಟಿಸಿಕೊಳ್ಳಿ. ಬಯಲಿಗೆ ಹೋಗಬೇಡಿ." ಮಹೇಶ ಗೋಡೆ ಕಡೆ ತಿರುಗಿಕೊಂಡ. ಅವನ ಬೆನ್ನು ಕುಣಿಯುತ್ತಿತ್ತು. ಮನುಷ್ಯರು ಕಕ್ಕಸು ಬಳಸಲಿ ಅಂತ ಅಚ್ಚು ಹಾಕಿದ ಪುಸ್ತಕದಿಂದ ಒಂದು ಬೀದಿಯ ಮಕ್ಕಳಿಗೆ ಕಕ್ಕಸು ಬಿಡಿಸಿದವಳು ಈ ದೇಶದಲ್ಲಿ ನಾನೊಬ್ಬಳೇ ಇರಬೇಕು.

ನಕ್ಕವರೆಲ್ಲ ನಕ್ಕು ಮನೆಗೆ ಹೋದರು. ಇಂಚರ ನಗಲಿಲ್ಲ. ಊಟಕ್ಕೆ ಕೂತಾಗ ನನ್ನ ಕೈತುತ್ತು ಬೇಡ ಅಂದಳು. ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಹಿಂದೆಯೇ ಹೋಗಿ ನೋಡಿದರೆ ಹಳದಿ ಬಾಗಿಲಿನ ಸಂದಿಗೆ ಬಾಯಿಟ್ಟುಕೊಂಡು, "ಅಜ್ಜಿ, ಬಾ ಅಜ್ಜಿ" ಅಂತ ಒಳಗಿನವರನ್ನು ಕರೆಯುತ್ತಿದ್ದಾಳೆ. ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಬಂದೆ ಅನ್ನಬೇಕೋ ಬೇಡವೋ ಗೊತ್ತಾಗಲಿಲ್ಲ. ನಿಜ ಹೇಳುತ್ತೇನೆ, ಒಳಗಿನಿಂದ ಯಾರಾದರೂ ಓಗೊಡುತ್ತಾರೇನೋ ಅಂತ ನಾನೂ ಕಿವಿಗೊಟ್ಟು ನಿಂತಿದ್ದೆ.

ಮಾರನೇ ದಿನ ಬೆಳಿಗ್ಗೆ ರೂಪ ಕಾಫಿಗೆ ನೀರಿಟ್ಟಿದ್ದಳು. ಟೀಚರ್ ಬಿಟ್ಟುಹೋಗಿದ್ದ ಪುಸ್ತಕದ ಮೊದಲ ಸಾಲನ್ನು ಅವಳಿಂದ ಹೇಳಿಸಿಕೊಂಡು, ಕಾಫಿ ಇಳಿಯುವುದರೊಳಗೆ ಬಾಯಿಪಾಠ ಮಾಡಿದೆ. ಇಂಚರಳನ್ನು ಕರೆದು, ನಿಮ್ಮಜ್ಜಿನ ವಾಪಸ್ ಕಳಿಸ್ತೀನಿ ನಿಂತಿರು ಅಂದು ಕಕ್ಕಸಿಗೆ ಹೋದೆ. ಹತ್ತರವರೆಗೆ ಎಣಿಸಿಕೊಂಡು ನಿಂತೆ. ಬಾಗಿಲು ತೆಗೆದು ಹೊರಗೆ ಬಂದೆ. ಈ ಸಲ ನಗಲಿಲ್ಲ. ಅವಳು ಪುಸ್ತಕ ಹಿಡಿದಳು. ಮ ಮೇಲೆ ಬೆರಳಿಟ್ಟು ಒಂದೂ ತಪ್ಪದೆ ಒಪ್ಪಿಸಿದೆ. ಅವಳ ಮುಖ ಅರಳಿತು, ಎರಡು ಹೆಜ್ಜೆ ನನ್ನ ಕಡೆ ಬಂದಳು. ಅಲ್ಲಿ ನಿಂತು ಪುಟ ತಿರುಗಿಸಿದಳು.

ನಾನು ವಾಪಸ್ ಒಳಗೆ ಹೋಗಿ ಚಿಲಕ ಹಾಕಿಕೊಂಡು, ಮೇಲಿನ ತೂತಿಗೆ ಬಾಯಿಟ್ಟು ಅಡುಗೆಮನೆಗೆ ಕೇಳುವ ಹಾಗೆ ಕೂಗಿದೆ: "ರೂಪಾ, ಎರಡನೇ ಪುಟದಲ್ಲಿ ಏನಿದೆಯೇ?"